ಮಾಳಿಗೆ ಹತ್ತುವ ಮುನ್ನ

ನಮ್ಮ ಗದಗ ಸೀಮೆಯಲ್ಲಿ ಮಾಳಿಗೆ ಅಂದರೆ ಮನೆಯ ಸೂರು ಮಾತ್ರ ಅಲ್ಲ, ಅದು ಎರಡನೇ ಕಣ. ಬ್ಯಾಡಗಿ ಮೆಣಸಿನಕಾಯಿ, ಶೇಂಗಾ, ಅಲಸಂದಿ, ಬೇಸಿಗೆಯ ಹಪ್ಪಳ-ಸಂಡಿಗೆ ಎಲ್ಲ ಒಣಗುವುದು ಅಲ್ಲೇ. ಬಿಸಿಲು, ಗಾಳಿ ಚೆನ್ನಾಗಿ ಸಿಗುತ್ತದೆ; ಆಡು, ಕೋಳಿ ಬಾಯಿ ಹಾಕುವುದಿಲ್ಲ. ಮುಂಗಾರಿಗೆ ಮೊದಲು ಸೋರದಂತೆ ಕರಲು ಮಣ್ಣು ಹಾಕಲು ಹತ್ತಬೇಕು. ಈಗ ನೀರಿನ ಟಾಕಿ, ಡಿಶ್, ಸೋಲಾರ್ ಕೂಡ ಮೇಲೇರಿವೆ. ಹತ್ತುವ ಕೆಲಸ ಹೆಚ್ಚಿತು, ಹತ್ತುವ ದಾರಿ ಮಾತ್ರ ಅಜ್ಜನ ಕಾಲದ್ದೇ.

ನಮ್ಮ ಮಲ್ಲಸಮುದ್ರದಲ್ಲಿ ನಾನು ಕಂಡಂತೆ ಬೀಳುವುದು ನಾಲ್ಕು ಕಡೆ: ನಿಚ್ಚಣಿಕೆ, ಬೆಳಕಿಂಡಿ, ಕುಂಬಿ ಇಲ್ಲದ ಅಂಚು, ಸಿಮೆಂಟ್ ಶೀಟು. ಒಂದೊಂದಕ್ಕೂ ಉಪಾಯ ಇದೆ. ದೊಡ್ಡ ಖರ್ಚಿನದಲ್ಲ.

ನಿಚ್ಚಣಿಕೆ

ಬಹಳ ಮನೆಗಳಲ್ಲಿ ನಿಚ್ಚಣಿಕೆ ಗಿಡ್ಡ. ಮಾಳಿಗೆ ಅಂಚಿಗೇ ಮುಗಿಯುತ್ತದೆ. ಕೊನೆಯ ಮೆಟ್ಟಿಲಿನಿಂದ ಮೇಲೆ ಕಾಲಿಡುವಾಗ ಹಿಡಿಯಲು ಏನೂ ಇಲ್ಲ. ಇಳಿಯುವಾಗ ಇನ್ನೂ ಕಷ್ಟ, ಹಿಂಬದಿಗೆ ಕಾಲು ಚಾಚಿ ಮೆಟ್ಟಿಲು ಹುಡುಕಬೇಕು.

ಲೆಕ್ಕ ಸುಲಭ. ನಿಚ್ಚಣಿಕೆ ಅಂಚಿನಿಂದ ಮೂರು ಅಡಿ ಮೇಲೆ ಚಾಚಿರಬೇಕು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಗೋಡೆಯಿಂದ ದೂರ ಇರಬೇಕು. ಮಾಳಿಗೆ 10 ಅಡಿ ಎತ್ತರ ಇದ್ದರೆ ಬುಡ ಎರಡೂವರೆ ಅಡಿ ಹೊರಗೆ, ನಿಚ್ಚಣಿಕೆಯ ಉದ್ದ ಹದಿಮೂರೂವರೆ ಅಡಿ. ಇದಕ್ಕಿಂತ ನೆಟ್ಟಗೆ ನಿಲ್ಲಿಸಿದರೆ ಹಿಂದಕ್ಕೆ ಮಗುಚುತ್ತದೆ, ಹೆಚ್ಚು ಓರೆ ಮಾಡಿದರೆ ಬುಡ ಜಾರುತ್ತದೆ. ಸಗಣಿ ಸಾರಿಸಿದ ಅಂಗಳ, ನುಣ್ಣನೆಯ ಕಲ್ಲುಹಾಸು ಎರಡೂ ಜಾರುವಂಥವೇ. ನಾವು ಬುಡಕ್ಕೆ ಎರಡು ಗೂಟ ಬಡಿದಿದ್ದೇವೆ. ಮೇಲೆ ಗೋಡೆಗೆ ಎರಡು ಕಬ್ಬಿಣದ ಕೊಂಡಿ ಹಾಕಿಸಿ ನಿಚ್ಚಣಿಕೆ ಬಿಗಿಯುತ್ತೇವೆ.

ತಲೆ ಮೇಲೆ ಬುಟ್ಟಿ ಹೊತ್ತು ಹತ್ತುವುದನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇವೆ. ಎರಡೂ ಕೈ ನಿಚ್ಚಣಿಕೆಗೇ ಇರಬೇಕು. ಬಾವಿಯ ಹಳೇ ಗಡಗಡಿ ಬಿದ್ದಿತ್ತು. ಅದನ್ನು ಮಾಳಿಗೆಯ ಮೇಲೆ ಗಟ್ಟಿಯಾಗಿ ನಿಲ್ಲಿಸಿ ಹಗ್ಗ ಹಾಕಿದೆವು. ಕೆಳಗಿನಿಂದಲೇ ಜಗ್ಗಿದರೆ ಬುಟ್ಟಿ ಮೇಲೇರುತ್ತದೆ. ಹೆಣ್ಣುಮಕ್ಕಳಿಗೆ ಕುತ್ತಿಗೆ ನೋವೂ ಉಳಿಯಿತು.

ಬೆಳಕಿಂಡಿ

ಇದು ಎಲ್ಲಕ್ಕಿಂತ ಮೋಸದ್ದು. ಮೆಣಸಿನಕಾಯಿ ಹರಡಿದರೆ ಕಿಂಡಿ ಎಲ್ಲಿದೆ ಎಂದು ಕಾಣುವುದೇ ಇಲ್ಲ. ನಮ್ಮ ಓಣಿಯ ಕಾಕಿಯೊಬ್ಬರು ಮೋಡ ಕವಿಯಿತೆಂದು ಅವಸರದಲ್ಲಿ ಕಾಯಿ ಬಳಿಯುತ್ತ ಹಿಂದಕ್ಕೆ ಸರಿದರು. ಕಾಲು ಕಿಂಡಿಯಲ್ಲಿ ಇಳಿಯಿತು, ನಡುಮನೆಗೆ ಬಿದ್ದರು. ಸೊಂಟದ ಎಲುಬು ಮುರಿಯಿತು. ಆ ವರ್ಷದ ಮೆಣಸಿನಕಾಯಿ ದುಡ್ಡು ಆಸ್ಪತ್ರೆಗೇ ಆಯಿತು. ಈಗಲೂ ಕೋಲು ಹಿಡಿದೇ ನಡೆಯುತ್ತಾರೆ.

ಕಿಂಡಿಗೆ ಹಲಗೆ ಇಲ್ಲವೇ ತಗಡು ಮುಚ್ಚಿದರೆ ಸಾಲದು. ಅದು ಸರಿಯುತ್ತದೆ, ಕೆಳಗೆ ಕಿಂಡಿ ಇದೆ ಎಂಬುದೂ ಮರೆತುಹೋಗುತ್ತದೆ. ಕಬ್ಬಿಣದ ಜಾಳಿ ಮಾಡಿಸಿ ಕಟ್ಟೆಗೆ ಕೂರಿಸಬೇಕು. ಬೆಳಕೂ ಬರುತ್ತದೆ, ಕಾಲೂ ಇಳಿಯುವುದಿಲ್ಲ. ಒಂದು ಚೀಲ ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ನಮ್ಮ ಮೂರೂ ಕಿಂಡಿಗೆ ಜಾಳಿ ಆಯಿತು. ಸುತ್ತ ಒಂದು ಗೇಣು ಕಟ್ಟೆ ಏರಿಸಿ ಸುಣ್ಣ ಬಳಿದರೆ ಇನ್ನೂ ಒಳ್ಳೆಯದು.

ಹಳೇ ಮಾಳಿಗೆಯಾದರೆ ಮಣ್ಣು ಹಾಕುವ ಮೊದಲು ಕೆಳಗೆ ನಿಂತು ಜಂತಿಗಳನ್ನು ಬಡಿದು ನೋಡಿ. ಒರಲೆ ತಿಂದ ಜಂತಿ ಟೊಳ್ಳು ಸದ್ದು ಕೊಡುತ್ತದೆ. ವರ್ಷವರ್ಷ ಮಣ್ಣು ಹೇರಿದರೆ ಭಾರ ಏರುತ್ತಲೇ ಹೋಗುತ್ತದೆ. ಹೊಸದು ಹಾಕುವಾಗ ಹಳೆಯದನ್ನು ಸ್ವಲ್ಪ ಕೆರೆದು ತೆಗೆಯಬೇಕು.

ಕುಂಬಿ, ಶೀಟು

ಹೊಸದಾಗಿ ಆರ್‌ಸಿಸಿ ಹಾಕಿಸುವವರು ಕುಂಬಿಯನ್ನು "ಮುಂದಿನ ವರ್ಷ ನೋಡೂಣು" ಎಂದು ಬಿಡುತ್ತಾರೆ. ಒಂದು ಮೀಟರಿಗಿಂತ ಗಿಡ್ಡ ಕುಂಬಿ ಇರಬಾರದೆಂಬುದು ಕಟ್ಟಡದವರ ನಿಯಮ. ಅಂದರೆ ಸುಮಾರು ಮೂರೂಕಾಲು ಅಡಿ. ಮೊಣಕಾಲೆತ್ತರದ ಕುಂಬಿ ಕೂರಲು ಸರಿ, ಬೀಳುವವರನ್ನು ತಡೆಯಲಾರದು.

ದನದ ಕೊಟ್ಟಿಗೆಯ ಸಿಮೆಂಟ್ ಶೀಟು ಆಳಿನ ಭಾರ ತಡೆಯುವಂಥದ್ದಲ್ಲ. ಬಿಸಿಲು-ಮಳೆ ಉಂಡು ಹಳತಾದ ಮೇಲಂತೂ ಹಪ್ಪಳವೇ. ಬೆಳಕಿಗೆಂದು ನಡುವೆ ಹಾಕಿದ ಪ್ಲಾಸ್ಟಿಕ್ ಶೀಟು ಧೂಳು ಕೂತಾಗ ಗುರುತೂ ಸಿಗದು. ಆದಷ್ಟು ಕೆಳಗಿನಿಂದಲೇ ರಿಪೇರಿ ಮಾಡಿ. ಹತ್ತಲೇಬೇಕಾದರೆ ಎರಡು-ಮೂರು ಅಡ್ಡತೊಲೆಗಳ ಮೇಲೆ ಕೂರುವಷ್ಟು ಉದ್ದದ ದಪ್ಪ ಹಲಗೆ ಹಾಕಿ, ಅದರ ಮೇಲೆಯೇ ಓಡಾಡಿ. ಬೋಲ್ಟಿನ ಸಾಲು ನೋಡಿದರೆ ಅಡ್ಡತೊಲೆ ಎಲ್ಲಿದೆ ಎಂದು ತಿಳಿಯುತ್ತದೆ. ಬೋಲ್ಟಿನ ಸಾಲಿನ ಮೇಲೇ ನಡೆದರೆ ಆಯಿತು ಎಂಬ ನಂಬಿಕೆ ಬೇಡ.

ಹತ್ತದೇ ಆಗುವುದಾದರೆ

ಅಡಿಕೆ ನಾಡಿನವರು ಉದ್ದನೆಯ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಔಷಧಿ ಹೊಡೆಯುತ್ತಾರೆ, ಗೊನೆ ಇಳಿಸುತ್ತಾರೆ. ನಾವೂ ಹಾಗೇ ವಿಚಾರ ಮಾಡಬೇಕು. ಟಾಕಿ ತುಂಬಿತೇ ಎಂದು ನೋಡಲು ಮೇಲೇರಬೇಕಿಲ್ಲ, ಹೆಚ್ಚಾದ ನೀರಿನ ಪೈಪು ಅಂಗಳಕ್ಕೆ ಬಿಟ್ಟರೆ ಸಾಕು. ಮಳೆ, ಇಬ್ಬನಿ ಆರುವ ಮೊದಲು ಹತ್ತಬೇಡಿ. ಒಬ್ಬರೇ ಇದ್ದಾಗಲೂ ಬೇಡ.

ಕೂಲಿಗೆ ಬಂದ ಹಿರಿಯರೊಬ್ಬರು ಕೇಳಿದರು, "ಹುಟ್ಟಿದಾಗಿಂದ ಹತ್ತೀನ್ರೀ, ಈಗ್ಯಾಕ ಈ ಹಗ್ಗ, ಕೊಂಡಿ?" ನಾನು ಅಂದೆ, "ಯಣ್ಣಾ, ಬಿದ್ದಾವ್ರೂ ಹುಟ್ಟಿದಾಗಿಂದ ಹತ್ತಿದಾವ್ರೇ." ನಮ್ಮ ಕೆಲಸಕ್ಕೆ ಹತ್ತಿದವರು ಬಿದ್ದರೆ ಅವರ ಮನೆಯ ಒಲೆ ಆರುತ್ತದೆ. ಹತ್ತಿಸಿದವನಿಗೆ ಹೊಣೆ ಇದೆ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಬಂತು. 18ರಿಂದ 70 ವರ್ಷದವರಿಗೆ ಬ್ಯಾಂಕ್ ಖಾತೆ ಇದ್ದರೆ ಸಾಕು. 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಜೂನ್ 1ರಿಂದ ಅದರ ವರ್ಷ ಶುರು. ನಾವು ಮಾಳಿಗೆಗೆ ಮಣ್ಣು ಹಾಕುವ ಹೊತ್ತೂ ಅದೇ. ಆಳುಮಕ್ಕಳಿಗೂ ಮಾಡಿಸಿ.

ಯಾರಾದರೂ ಬಿದ್ದರೆ ಗಾಬರಿಯಲ್ಲಿ ಎತ್ತಿ ಕೂರಿಸಬೇಡಿ. ಬೆನ್ನೆಲುಬಿಗೆ ಪೆಟ್ಟಾಗಿದ್ದರೆ ಎತ್ತಿದ್ದರಿಂದಲೇ ಕಾಲು ಸ್ವಾಧೀನ ತಪ್ಪಬಹುದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಗದಗಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ನಮ್ಮೂರ ಬಳಿಯೇ ಇದೆ. ಆದರೆ ಆಸ್ಪತ್ರೆ ಎಷ್ಟೇ ಹತ್ತಿರ ಇದ್ದರೂ ಮುರಿದ ಬೆನ್ನು ಮೊದಲಿನಂತೆ ಆಗುವುದು ಕಷ್ಟ.

ಈ ಬೇಸಿಗೆಯಲ್ಲಿ ಮೊದಲು ಬೆಳಕಿಂಡಿಗೆ ಜಾಳಿ ಹಾಕಿಸಿ, ಉಳಿದದ್ದು ಒಂದೊಂದಾಗಿ ಆಗಲಿ. ನಿಮ್ಮ ಕಡೆ ಬೇರೆ ಉಪಾಯ ಇದ್ದರೆ ಪತ್ರಿಕೆಗೆ ಬರೆಯಿರಿ, ನಮಗೂ ತಿಳಿಯಲಿ.