ಮಾತ್ರೆ ಬೇಡ ಅನ್ನುವ ಭಯ, ಕೇಳದೇ ನುಂಗುವ ಧೈರ್ಯ

ಸೊಸೆ ಬಸುರಿ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಸಲಹೆಗಳು ಶುರುವಾಗುತ್ತವೆ. ಒಬ್ಬ ಖಾಲಾ, "ಆಸ್ಪತ್ರೆ ಮಾತ್ರೆ ಎಲ್ಲಾ ಗರಮ್, ಮಗುವಿಗೆ ಆಗಲ್ಲ" ಅಂತಾರೆ. ಇನ್ನೊಬ್ಬರು ಬೆನ್ನುನೋವು ಅಂದ ತಕ್ಷಣ ತಮ್ಮ ಪರ್ಸಿನಿಂದಲೇ ಒಂದು ಗುಳಿಗೆ ತೆಗೆದು ಕೈಗಿಡ್ತಾರೆ. ಇಬ್ಬರದೂ ಪ್ರೀತಿಯೇ. ಆದರೆ ಬೇಕಾದ ಔಷಧ ಬಿಡುವುದು, ಬೇಡದ ಔಷಧ ನುಂಗುವುದು, ಈ ಎರಡರಿಂದಲೂ ತಾಯಿ ಮಗುವಿಗೆ ತೊಂದರೆ ಆಗತ್ತೆ. ಹಾಗಾಗಿ ಯಾವ ಔಷಧ ಯಾಕೆ ಕೊಡ್ತಾರೆ ಅನ್ನೋದನ್ನು ನೀವು ತಿಳಿದಿರಬೇಕು.

ಈ ಭಯಕ್ಕೆ ಕಾರಣವೇ ಇಲ್ಲ ಅಂತೇನೂ ಇಲ್ಲ. ಥಾಲಿಡೊಮೈಡ್ ಅನ್ನುವ ಮಾತ್ರೆ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ನಿದ್ದೆಗೆ, ಬಸುರಿಯರ ವಾಕರಿಕೆಗೆ ಅದನ್ನು ಕೊಡುತ್ತಿದ್ದರು. 1961ರ ಕೊನೆಗೆ ಅದನ್ನು ವಾಪಸ್ ತೆಗೆಯುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದರು. ತಾಯಿ ನುಂಗಿದ ಔಷಧ ಮಗುವನ್ನು ತಲುಪುತ್ತದೆ ಅನ್ನುವ ಪಾಠವನ್ನು ಜಗತ್ತು ಕಲಿತದ್ದು ಆಗಲೇ. ಬಸುರಿಯರಿಗೆ ಕೊಡುವ ಔಷಧಗಳ ಮೇಲೆ ಇವತ್ತು ಅಷ್ಟು ಎಚ್ಚರಿಕೆ ಇರುವುದಕ್ಕೂ ಅದೇ ಕಾರಣ.

ಬಸುರಿಯಲ್ಲಿ

ಮೊದಲನೆಯದು ಫೋಲಿಕ್ ಆಸಿಡ್. ಮಗುವಿನ ಮಿದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿ ಅಂತಲೇ ಗೊತ್ತಿರಲ್ಲ. ಆದ್ದರಿಂದ ಮಗು ಬೇಕು ಅಂದುಕೊಂಡಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರು ಮಾಡಿ ಮೊದಲ ಮೂರು ತಿಂಗಳು ಮುಂದುವರಿಸಬೇಕು ಅಂತ ವೈದ್ಯರು ಹೇಳುತ್ತಾರೆ.

ನಾಲ್ಕನೇ ತಿಂಗಳಿನಿಂದ ಕಬ್ಬಿಣಾಂಶದ ಕೆಂಪು ಮಾತ್ರೆ. ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರತ್ತೆ. ಬಸುರಿಯಲ್ಲಿ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ದೇಶದ ಬಸುರಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆದರೆ 180 ದಿನ ಮಾತ್ರೆ ಪೂರೈಸಿದ ತಾಯಂದಿರು ಶೇ. 26 ಮಾತ್ರ. ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಇರಲ್ಲ.

ಬಿಡುವುದಕ್ಕೆ ಹೇಳುವ ಕಾರಣಗಳು ನಿಮಗೂ ಗೊತ್ತು: ಮಲ ಕಪ್ಪಾಗತ್ತೆ, ಹೊಟ್ಟೆ ಕಟ್ಟತ್ತೆ, ಮಗು ಕಪ್ಪಾಗತ್ತೆ. ಮಲ ಕಪ್ಪಾಗುವುದು ಕಬ್ಬಿಣದಿಂದ, ಅದರಿಂದ ತೊಂದರೆ ಇಲ್ಲ. ವಾಕರಿಕೆ ಬಂದರೆ ಮಲಗುವ ಮುಂಚೆ ನುಂಗಿ. ಹೊಟ್ಟೆ ಕಟ್ಟಿದರೆ ನೀರು, ಹಣ್ಣು, ಸೊಪ್ಪು ಹೆಚ್ಚಿಸಿ. ಆಗದಿದ್ದರೆ ಬೇರೆ ಮಾತ್ರೆ ಕೇಳಿ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ. ಕಬ್ಬಿಣದ ಮಾತ್ರೆಯನ್ನು ಚಹಾ, ಹಾಲಿನ ಜೊತೆ ತಗೋಬೇಡಿ, ಮೈಗೆ ಹತ್ತಲ್ಲ. ನಿಂಬೆ ಪಾನಕದ ಜೊತೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಗೇ ನುಂಗದೆ ಎರಡು ಗಂಟೆ ಅಂತರ ಇಡಿ.

ರಂಜಾನಿನಲ್ಲಿ ಮಾತ್ರೆ ತಪ್ಪುವುದು ಸಾಮಾನ್ಯ. ಬಸುರಿಗೆ, ಹಾಲುಣಿಸುವ ತಾಯಿಗೆ ರೋಜಾದಿಂದ ರುಖ್ಸತ್ ಇದೆ ಅನ್ನೋದು ಮನೆಯವರಿಗೆಲ್ಲ ನೆನಪಿರಲಿ. ಡಾಕ್ಟರ್ ಒಪ್ಪಿ ರೋಜಾ ಇಟ್ಟರೂ ಇಫ್ತಾರ್ ಮತ್ತು ಸಹರಿ ನಡುವೆ ಯಾವ ಮಾತ್ರೆ ಯಾವಾಗ ಅಂತ ಅವರಿಂದಲೇ ಬರೆಸಿಕೊಳ್ಳಿ. ಇನ್ಸುಲಿನ್, ಬಿಪಿ ಮಾತ್ರೆಯ ಹೊತ್ತನ್ನು ನೀವಾಗಿ ಬದಲಿಸಬೇಡಿ.

ಇನ್ನು ಪರ್ಸಿನ ಗುಳಿಗೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಐದನೇ ತಿಂಗಳು ದಾಟಿದ ಮೇಲೆ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು, ಮಗುವಿನ ಸುತ್ತಲಿನ ನೀರನ್ನು ಕಡಿಮೆ ಮಾಡಬಹುದು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಹತ್ತಿರದ ಒಂದು ರಕ್ತನಾಳ ಬೇಗ ಮುಚ್ಚಿಕೊಳ್ಳುವ ಅಪಾಯವೂ ಇದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಬಸುರಿಯಲ್ಲಿ ಪೂರ್ತಿ ನಿಷಿದ್ಧ. ಅದೇ ರೀತಿ ಥೈರಾಯ್ಡ್, ಫಿಟ್ಸ್, ಬಿಪಿಗೆ ಮೊದಲಿಂದ ಮಾತ್ರೆ ತಗೋತಿದ್ದವರು ಹೆದರಿ ನಿಲ್ಲಿಸಬಾರದು. ಕೆಲವು ಮಾತ್ರೆ ಬದಲಿಸಬೇಕಾಗತ್ತೆ. ಬದಲಿಸೋದು ಡಾಕ್ಟರ ಕೆಲಸ.

ಹೆರಿಗೆಯ ಹೊತ್ತಿನಲ್ಲಿ

"ನೋವು ಬರೋ ಇಂಜೆಕ್ಷನ್" ಅಂತ ನಮ್ಮ ಹೆಂಗಸರು ಹೇಳೋದು ಆಕ್ಸಿಟೋಸಿನ್. ಇದೇ ಔಷಧಕ್ಕೆ ಎರಡು ಉಪಯೋಗ ಇದೆ, ಎರಡನ್ನೂ ಬೇರೆ ಬೇರೆಯಾಗಿ ತಿಳಿಯಬೇಕು. ಮಗು ಹೊರಬರುವ ಮುಂಚೆ ಇದನ್ನು ಕೊಡುವುದಾದರೆ ಆಸ್ಪತ್ರೆಯಲ್ಲಿ, ಡ್ರಿಪ್‌ನಲ್ಲಿ, ಹನಿ ಲೆಕ್ಕ ಇಟ್ಟು, ಮಗುವಿನ ಎದೆಬಡಿತ ನೋಡುತ್ತಾ ಕೊಡಬೇಕು. ಹೆರಿಗೆ ಬೇಗ ಆಗಲಿ ಅಂತ ಮನೆಯಲ್ಲಿ ಯಾರಾದರೂ ಒಮ್ಮೆಲೇ ಸೂಜಿ ಚುಚ್ಚಿದರೆ ಗರ್ಭಕೋಶ ಬಿಡುವಿಲ್ಲದೆ ಬಿಗಿಯುತ್ತದೆ. ಮಗುವಿಗೆ ಆಮ್ಲಜನಕ ಸಿಗಲ್ಲ, ಗರ್ಭಕೋಶ ಹರಿಯಲೂಬಹುದು. ಇಂಥ ಇಂಜೆಕ್ಷನ್‌ಗೆ ಎಂದೂ ಒಪ್ಪಬೇಡಿ.

ಮಗು ಹೊರಬಂದ ಮೇಲೆ ಇದೇ ಔಷಧ ಜೀವ ಉಳಿಸುತ್ತದೆ. ಹೆರಿಗೆಯಾದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಕೊಟ್ಟರೆ ಗರ್ಭಕೋಶ ಬಿಗಿದು ರಕ್ತಸ್ರಾವ ಕಡಿಮೆಯಾಗತ್ತೆ. ಇದರ ಬೆಲೆ ಎಷ್ಟು ಅನ್ನೋದಕ್ಕೆ ಒಂದು ಉದಾಹರಣೆ. ಹಾಲು ಕರೆಯಲು ದನಗಳಿಗೆ ಆಕ್ಸಿಟೋಸಿನ್ ಚುಚ್ಚುತ್ತಾರೆ ಅನ್ನುವ ಕಾರಣಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳು ಇದನ್ನು ತಯಾರಿಸಿ ದೇಶದೊಳಗೆ ಮಾರುವುದನ್ನು ನಿಷೇಧಿಸಿ, ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್‌ಗೆ ಮಾತ್ರ ಬಿಡಲು ಹೊರಟಿತು. ಔಷಧ ಸಾಲದೆ ಹೋದರೆ ತಾಯಂದಿರ ಪ್ರಾಣಕ್ಕೆ ಅಪಾಯ ಅಂತ ಪ್ರಶ್ನೆ ಎದ್ದಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಇನ್ನೂ ಮೂರು ಹೆಸರು ನೆನಪಿಡಿ. ಬಿಪಿ ಏರಿ ಫಿಟ್ಸ್ ಬರುವ ಅಪಾಯ ಇದ್ದರೆ ಮೆಗ್ನೀಸಿಯಂ ಸಲ್ಫೇಟ್. ತಿಂಗಳು ತುಂಬುವ ಮುಂಚೆ ಹೆರಿಗೆ ಆಗುವ ಲಕ್ಷಣ ಇದ್ದರೆ, ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿ ಮಗುವಿನದು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಆಂಟಿ-ಡಿ. ಇದು ತಪ್ಪಿದರೆ ತೊಂದರೆ ಕಾಣಿಸುವುದು ಮುಂದಿನ ಮಗುವಿನಲ್ಲಿ, ಅದಕ್ಕೇ ಮರೆತುಹೋಗತ್ತೆ.

ಹುಟ್ಟಿದ ಮಗುವಿಗೆ

"ಈಗಷ್ಟೇ ಹುಟ್ಟಿದ ಕೂಸಿಗೆ ಯಾಕೆ ಸೂಜಿ?" ಅಂತ ಅಜ್ಜಿಯರು ಕೇಳೋದು ಸಹಜ. ಮೊದಲನೆಯದು ವಿಟಮಿನ್ ಕೆ, ತೊಡೆಗೆ ಸಾಮಾನ್ಯವಾಗಿ 1 ಮಿಲಿಗ್ರಾಂ. ರಕ್ತ ಹೆಪ್ಪುಗಟ್ಟಲು ಬೇಕಾದ ಈ ವಿಟಮಿನ್ ತಾಯಿಯಿಂದ ಮಗುವಿಗೆ ತುಂಬಾ ಕಡಿಮೆ ಹೋಗತ್ತೆ, ಎದೆಹಾಲಿನಲ್ಲೂ ಕಡಿಮೆ. ಕೊಡದಿದ್ದರೆ ಕೆಲವು ಮಕ್ಕಳಿಗೆ ಮಿದುಳಿನಲ್ಲೇ ರಕ್ತಸ್ರಾವ ಆಗಬಹುದು. ಜೊತೆಗೆ ಮೂರು ಲಸಿಕೆ: ಕ್ಷಯಕ್ಕೆ ಬಿಸಿಜಿ, ಬಾಯಿಗೆ ಪೋಲಿಯೋ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ.

ಕೊಡಬಾರದ್ದನ್ನೂ ಹೇಳಬೇಕು. ಜೇನು ಬೇಡ, ಅದರಲ್ಲಿ ಇರಬಹುದಾದ ಒಂದು ರೋಗಾಣುವಿನ ಬೀಜಕಗಳು ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುತ್ತವೆ. ತಹನೀಕ್ ಮಾಡುವ ಮನೆಯವರು ಮೊದಲು ಮಕ್ಕಳ ಡಾಕ್ಟರ ಜೊತೆ ಮಾತಾಡಿ. ಕೈ ತೊಳೆದಿರಲಿ, ಖರ್ಜೂರದ ಬದಲು ಜೇನು ಮುಟ್ಟಿಸುವುದು ಬೇಡ, ತಿಂಗಳು ತುಂಬದ ಅಥವಾ ಕಾಯಿಲೆ ಇರುವ ಮಗುವಿಗೆ ಅವರು ಹೇಳುವ ತನಕ ಏನೂ ಬೇಡ. ಘುಟ್ಟಿ, ಗ್ರೈಪ್ ವಾಟರ್, ಕಣ್ಣಿಗೆ ಸುರ್ಮಾ, ಹೊಕ್ಕುಳಿಗೆ ಎಣ್ಣೆ ಅರಿಶಿನ ಬೇಡ. ಹೊಕ್ಕುಳು ಒಣಗಿರಲಿ. ಒಂದು ಗಂಟೆಯೊಳಗೆ ಎದೆಹಾಲು ಕೊಡಿ, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ.

ಊರು ಬದಲಾದಾಗ

ಹೊರರಾಜ್ಯದಲ್ಲಿರುವ ನಮ್ಮವರಿಗೆ ಇನ್ನೊಂದು ಕಷ್ಟ ಇದೆ. ತಪಾಸಣೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಆಗಿರತ್ತೆ, ಹೆರಿಗೆಗೆ ಮಾಯಕೆ ಅಂತ ವಿಜಯಪುರಕ್ಕೋ ಕಲಬುರಗಿಗೋ ಹೋಗ್ತಾರೆ. ಅಲ್ಲಿನ ಡಾಕ್ಟರಿಗೆ ಈಕೆಯ ಬಗ್ಗೆ ಏನೂ ಗೊತ್ತಿರಲ್ಲ. ಆದ್ದರಿಂದ ತಾಯಿ ಕಾರ್ಡ್, ರಕ್ತದ ಗುಂಪಿನ ರಿಪೋರ್ಟ್, ಸ್ಕ್ಯಾನಿಂಗ್, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಟಿಡಿ ಲಸಿಕೆ ಹಾಕಿಸಿದ ತಾರೀಕು, ಆಗದ ಔಷಧದ ಹೆಸರು ಒಂದೇ ಕವರಿನಲ್ಲಿರಲಿ. ಫೋನಿನಲ್ಲೂ ಫೋಟೋ ಇರಲಿ. ವಾಪಸ್ ಬರುವಾಗ ಮಗುವಿನ ಲಸಿಕೆ ಕಾರ್ಡ್ ಮರೆಯಬೇಡಿ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಔಷಧಗಳು ಪುಕ್ಕಟೆ ಸಿಗಬೇಕು. ಅದು ನಿಮ್ಮ ಹಕ್ಕು, ಕೇಳಿ ಪಡೆಯಿರಿ.

ಕನ್ನಡ, ಉರ್ದು ಮಾತ್ರ ಬರುವ ಅತ್ತೆಗೆ ಮರಾಠಿ ಅಥವಾ ತೆಲುಗು ಮಾತಾಡುವ ನರ್ಸ್ ಹೇಳಿದ್ದು ಅರ್ಧ ತಿಳಿದಿರತ್ತೆ. ಮನೆಯಲ್ಲಿ ಓದುತ್ತಿರುವ ಹುಡುಗ ಹುಡುಗಿಯರೇ, ಈ ಕೆಲಸ ನಿಮ್ಮದು. ಜೊತೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ಇದು ಯಾಕೆ? ಎಷ್ಟು ದಿನ? ತಪ್ಪಿದರೆ ಏನು ಮಾಡಬೇಕು? ಬಂದ ಉತ್ತರವನ್ನು ಅಪ್ಪಿಗೋ ಭಾಭಿಗೋ ಅರ್ಥವಾಗುವ ಭಾಷೆಯಲ್ಲಿ ಆ ಚೀಟಿಯ ಹಿಂದೆಯೇ ಬರೆದುಕೊಡಿ.