‘ಇವತ್ತು ಹಚ್ಚೋದಿಲ್ಲ’ ಎನ್ನುವ ಪಾರ್ಲರ್

ಕೂದಲು ಬೆಳೆಸಿಕೊಡುತ್ತೇವೆ ಎಂದು ಬೋರ್ಡು ಹಾಕಿಕೊಂಡ ಪಾರ್ಲರುಗಳ ಮೇಲೆ ನನಗೆ ನಂಬಿಕೆಯಿಲ್ಲ. ಕೂದಲು ಹುಟ್ಟುವುದು ನೆತ್ತಿಯೊಳಗೆ, ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರು. ಬೆಳೆದದ್ದು ಮುರಿಯದಂತೆ ನೋಡಿಕೊಳ್ಳುವುದಷ್ಟೇ ಪಾರ್ಲರಿನವರ ಕೈಯಲ್ಲಿರುವುದು. ಅಷ್ಟು ಮಾಡುವವರೂ ಅಪರೂಪ.

ಅಟ್ಲಾಂಟಾದ ಲ್ಯಾಬಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ ಆಫ್ರಿಕನ್ ಅಮೆರಿಕನ್. ಬಿಗಿ ಸುರುಳಿಯ ಕೂದಲನ್ನು ಚಿಕ್ಕಂದಿನಿಂದ ರಿಲ್ಯಾಕ್ಸರ್ ಹಾಕಿಸಿ ನೇರ ಮಾಡಿಕೊಂಡವಳು. ಇಲ್ಲಿ ಇದು ನೂರು ವರ್ಷ ದಾಟಿದ ವ್ಯಾಪಾರ. 1923ರಲ್ಲಿ ಟ್ರಾಫಿಕ್ ಸಿಗ್ನಲ್ಲಿಗೆ ಪೇಟೆಂಟ್ ಪಡೆದ ಗ್ಯಾರೆಟ್ ಮಾರ್ಗನ್ ಅದಕ್ಕೂ ಮೊದಲು ಕ್ಲೀವ್‌ಲ್ಯಾಂಡಿನಲ್ಲಿ ಕೂದಲು ನೇರ ಮಾಡುವ ಕ್ರೀಮು ಮಾರುತ್ತಿದ್ದ!

ಈಗಿನ ಕ್ರೀಮುಗಳಲ್ಲಿ ಎರಡು ಬಗೆ. ಒಂದರಲ್ಲಿರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಟ್ಟಿಕೊಂಡ ಚರಂಡಿ ಪೈಪಿಗೆ ಸುರಿಯುವ ಅದೇ ಕಾಸ್ಟಿಕ್ ಸೋಡಾ. ಇನ್ನೊಂದನ್ನು ಬಳಸುವ ಹೊತ್ತಿಗೆ ಎರಡು ಪದಾರ್ಥ ಕಲಸಿ ತಯಾರಿಸುತ್ತಾರೆ. ನೆತ್ತಿಗೆ ಉರಿ ಕಮ್ಮಿ, ಆದರೆ ಕೂದಲು ಒಣಗುತ್ತದೆ. ಕೂದಲಿನೊಳಗೆ ಸುರುಳಿಯನ್ನು ಹಿಡಿದಿಟ್ಟ ಗಂಧಕದ ಬೆಸುಗೆಗಳನ್ನು ಎರಡೂ ಶಾಶ್ವತವಾಗಿ ಕಡಿಯುತ್ತವೆ. ಆದ್ದರಿಂದ ಒಮ್ಮೆ ನೇರವಾದ ಭಾಗಕ್ಕೆ ಮತ್ತೆ ಹಚ್ಚಬಾರದು. ಗೆಳತಿಯ ಹಳೆಯ ಪಾರ್ಲರಿನವರು ಅವಸರದಲ್ಲಿ ಬುಡದಿಂದ ತುದಿಯವರೆಗೂ ಬಳಿದರು. ಹಿಂಗತ್ತಿನ ಕೂದಲು ಬಾಚಣಿಗೆಗೇ ಮುರಿದು ಬಂತು.

ಹೊಸ ಪಾರ್ಲರಿಗೆ ನಾನೂ ಜೊತೆಗೆ ಹೋದೆ. ಗೋಡೆಯ ಮೇಲೆ ರಾಜ್ಯ ಸರ್ಕಾರದ ಲೈಸೆನ್ಸು. ಅಲ್ಲಿನ ಹಿರಿಯಾಕೆ ಕ್ರೀಮಿನ ಡಬ್ಬಿ ತೆಗೆಯಲೇ ಇಲ್ಲ. ಕೊನೆಯ ಸಲ ಯಾವಾಗ ಹಾಕಿಸಿದ್ದು, ಯಾವ ಬಗೆ, ಬಣ್ಣ ಹಾಕಿದ್ದುಂಟಾ, ತಲೆ ತೊಳೆದದ್ದು ಯಾವಾಗ, ಉಗುರಿನಿಂದ ಕೆರೆದುಕೊಂಡೆಯಾ ಎಂದೆಲ್ಲ ಕೇಳಿ, ಬೈತಲೆ ಬಿಡಿಸಿ ನೋಡಿ, “ಇವತ್ತು ಹಚ್ಚೋದಿಲ್ಲ ಮಗೂ, ನೆತ್ತಿ ಮೇಲೆ ಗೀರಿದೆ, ಮಾಯಲಿ” ಅಂದಳು. ಬಂದ ಗಿರಾಕಿಯನ್ನು ವಾಪಸು ಕಳಿಸುವ ಈ ಧೈರ್ಯ ನನಗೆ ಬಹಳ ಹಿಡಿಸಿತು.

ಮುಂದಿನ ಸಲ ಕೆಲಸ ನೋಡಿದೆ. ಕಿವಿ, ಹಣೆಯಂಚಿಗೆ ವ್ಯಾಸಲೀನ್. ಹಳೆಯ ಕೂದಲಿಗೆ ರಕ್ಷೆಯಾಗಿ ಕಂಡೀಷನರ್. ಆಮೇಲೆ ತೆಳು ಎಳೆ ಎಳೆಯಾಗಿ ಬಿಡಿಸಿ, ಬುಡದಲ್ಲಿ ಹೊಸದಾಗಿ ಬಂದ ಸುರುಳಿಗೆ ಮಾತ್ರ ಕ್ರೀಮು, ಗಡಿಯಾರ ನೋಡಿಕೊಂಡೇ. ತೊಳೆಯುವಾಗ ಹಾಕುವ ಶಾಂಪೂವಿನ ನೊರೆ ಗುಲಾಬಿಯಾದರೆ ಕ್ಷಾರ ಇನ್ನೂ ಉಳಿದಿದೆ ಎಂದರ್ಥ. ಬಿಳಿ ನೊರೆ ಬರುವವರೆಗೂ ತೊಳೆದಳು. ಕಾದ ಇಸ್ತ್ರಿ ಮುಟ್ಟಿಸಲಿಲ್ಲ, ರೋಲರು ಸುತ್ತಿ ಡ್ರೈಯರ್ ಕೆಳಗೆ ಕೂರಿಸಿದಳು.

ನಡುವೆ ನನ್ನ ಜಡೆಯನ್ನೂ ಸವರಿ ನೋಡಿದಳು. ಬೆಂಗಳೂರಿನಲ್ಲಿ ರೀಬಾಂಡಿಂಗ್ ಮಾಡಿಸಿದ್ದು ಅಂದೆ. ಅದರಲ್ಲಿರುವುದು ಸಾಮಾನ್ಯವಾಗಿ ಥಯೋಗ್ಲೈಕೊಲೇಟ್. ಅದರ ಮೇಲೆ ರಿಲ್ಯಾಕ್ಸರ್ ಬಿದ್ದರೆ ಕೂದಲು ಅಲ್ಲೇ ತುಂಡಾಗುತ್ತದಂತೆ. ಹೊರದೇಶಕ್ಕೆ ಬರುವ ನಮ್ಮ ಹೆಣ್ಣುಮಕ್ಕಳು ಊರಲ್ಲಿ ಏನು ಹಾಕಿಸಿದರೆಂಬುದನ್ನು ಬರೆದಿಟ್ಟುಕೊಂಡು ಬರಬೇಕು.

ಇಷ್ಟೆಲ್ಲ ಜೋಪಾನ ಮಾಡಿದರೂ ಒಂದು ಅಳುಕು ಇದ್ದೇ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ವರದಿ ಪ್ರಕಟಿಸಿದರು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಕೂದಲು ನೇರ ಮಾಡುವ ರಾಸಾಯನಿಕ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಅಪಾಯ ಎರಡು ಪಟ್ಟಿಗೂ ಮಿಕ್ಕಿ ಕಂಡಿತ್ತು. ಇದೇ ಕಾರಣವೆಂದು ಸಾಬೀತಾಗಿಲ್ಲ, ನಂಟು ಕಂಡಿದೆ. ಎಂಟು ವಾರಕ್ಕೊಮ್ಮೆ ಹಾಕಿಸುವವರು ಈ ಲೆಕ್ಕದೊಳಗೆ ಸಲೀಸಾಗಿ ಬರುತ್ತಾರೆ.

ಗೆಳತಿ ಈಗ ನಾಲ್ಕು ತಿಂಗಳಿಗೊಮ್ಮೆ ಹೋಗುತ್ತಾಳೆ. ಅಂತರ ಹೆಚ್ಚಿದಷ್ಟೂ ಬುಡದ ಸುರುಳಿ ಮತ್ತು ನೇರ ಕೂದಲು ಕೂಡುವ ಜಾಗದಲ್ಲಿ ಮುರಿಯುವ ಭಯ. ಅದಕ್ಕೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುವುದನ್ನು, ರಾತ್ರಿ ತಲೆಗೆ ಸ್ಯಾಟಿನ್ ಬಟ್ಟೆ ಕಟ್ಟುವುದನ್ನು ಆ ಹಿರಿಯಾಕೆ ಕೂರಿಸಿಕೊಂಡು ಹೇಳಿಕೊಟ್ಟಳು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಗೆಳತಿಯೇ ಟಿಪ್ಸನ್ನು ಧಾರಾಳವಾಗಿ ಕೊಟ್ಟಳು.