ಆಜ್ಞೆಯಿಂದ ಅಚ್ಚಿನ ಪುಟಕ್ಕೆ: ‘ಟೆಕ್’ ಕ್ರಮವಿಧಿಯ ಪರಿಚಯ

ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸಿ ಪುಸ್ತಕಗಳನ್ನು ಅಚ್ಚುಮಾಡುತ್ತಿದ್ದ ಕಾಲದಲ್ಲಿ ಮುದ್ರಣಾಲಯದವರು ಗಣಿತದ ಹಸ್ತಪ್ರತಿಯೆಂದರೆ ಹಿಂಜರಿಯುತ್ತಿದ್ದರು. ಗದ್ಯವಾದರೆ ಮೊಳೆಗಳು ಒಂದರ ಪಕ್ಕದಲ್ಲಿ ಒಂದು ಕುಳಿತರೆ ಸಾಕು. ಸಮೀಕರಣದಲ್ಲಿ ಹಾಗಲ್ಲ. ಭಿನ್ನರಾಶಿಯ ಅಂಶವು ಮೇಲೆ, ಛೇದವು ಕೆಳಗೆ, ಅವುಗಳ ನಡುವೆ ಸರಿಯಾದ ಉದ್ದದ ಗೆರೆ. ಘಾತಸೂಚಿಯು ಚಿಕ್ಕ ಅಕ್ಷರದಲ್ಲಿ ಬಲಮೇಲಿನ ಮೂಲೆಯಲ್ಲಿ. ವರ್ಗಮೂಲದ ಚಿಹ್ನೆಯ ಮೇಲ್ಗೆರೆಯು ಒಳಗಿರುವ ರಾಶಿಯಷ್ಟೇ ಅಗಲ. ಇವುಗಳಲ್ಲಿ ಒಂದು ತುಸು ಸ್ಥಾನತಪ್ಪಿದರೂ ಅರ್ಥವೇ ಕೆಡುತ್ತದೆ. ಈ ಸೂಕ್ಷ್ಮ ಕೆಲಸವನ್ನು ಇಂದು ವಿದ್ಯಾರ್ಥಿಯೊಬ್ಬನು ತನ್ನ ಗಣಕಯಂತ್ರದ ಮುಂದೆ ಕುಳಿತು, ಒಂದು ಸಾಲಿನ ಆಜ್ಞೆಯಿಂದ ಮಾಡಿಸಬಲ್ಲನು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿವೇಚಿಸೋಣ.

ಪ್ರಾಧ್ಯಾಪಕರೊಬ್ಬರ ಅಸಮಾಧಾನ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಅವರು ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಮಹಾಗ್ರಂಥದ ಕರ್ತೃಗಳು. ಇದರ ಮೊದಲ ಸಂಪುಟವು 1968ರಲ್ಲಿ ಹೊರಬಂದಿತು. ಆಗ ಪುಟಗಳನ್ನು ಲೋಹದ ಮೊಳೆಗಳಿಂದಲೇ ಕಟ್ಟಲಾಗಿತ್ತು. 1977ರಲ್ಲಿ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚುಗಳು ಅವರ ಕೈಸೇರಿದವು. ಅಷ್ಟರೊಳಗೆ ಮುದ್ರಣೋದ್ಯಮವು ಛಾಯಾಚಿತ್ರಣದ ವಿಧಾನಕ್ಕೆ ತಿರುಗಿತ್ತು. ಅಕ್ಷರಗಳು ಹಿಂದಿನ ಅಂದವನ್ನು ಕಳೆದುಕೊಂಡಿದ್ದವು. ತಾವು ವರ್ಷಗಟ್ಟಲೆ ಶ್ರಮಿಸಿ ಬರೆದ ಗ್ರಂಥವು ಈ ರೂಪದಲ್ಲಿ ಹೊರಬರುವುದು ಕ್ನೂತ್ ಅವರಿಗೆ ಸಹ್ಯವಾಗಲಿಲ್ಲ. ಅಚ್ಚಿನ ಪುಟವೆಂದರೆ ಕೊನೆಗೆ ಮಸಿಯಿರುವ ಹಾಗೂ ಮಸಿಯಿಲ್ಲದ ಬಿಂದುಗಳ ಸಮೂಹವಲ್ಲವೇ? ಹಾಗಾದರೆ ಅದು ಸೊನ್ನೆ ಮತ್ತು ಒಂದುಗಳ ಸಮಸ್ಯೆ. ಸೊನ್ನೆ ಮತ್ತು ಒಂದುಗಳೆಂದರೆ ಗಣಕವಿಜ್ಞಾನಿಯ ಸ್ವಂತ ಕ್ಷೇತ್ರ. ಹೀಗೆ ಯೋಚಿಸಿ ಅವರು ಅದೇ ವರ್ಷ ಅಕ್ಷರಜೋಡಣೆಯ ಕ್ರಮವಿಧಿಯೊಂದನ್ನು ರಚಿಸಲು ಕುಳಿತರು. ಕೆಲಸವು ಬೇಗನೆ ಮುಗಿಯುವುದೆಂದು ಅವರು ಎಣಿಸಿದ್ದರು. ಅದು ಹತ್ತು ವರ್ಷಗಳಿಗೂ ಹೆಚ್ಚು ಕಾಲವನ್ನು ತೆಗೆದುಕೊಂಡಿತು.

ಈ ಕ್ರಮವಿಧಿಯೇ ‘ಟೆಕ್’. ಗ್ರೀಕ್ ಭಾಷೆಯ ಟಾವ್, ಎಪ್ಸಿಲಾನ್, ಖೈ ಎಂಬ ಮೂರು ಅಕ್ಷರಗಳಿಂದ ಹೆಸರು ಬಂದಿದೆ. ಕಲೆ ಮತ್ತು ಕುಶಲವಿದ್ಯೆ ಎರಡನ್ನೂ ಸೂಚಿಸುವ ಗ್ರೀಕ್ ಪದದ ಮೊದಲ ಅಕ್ಷರಗಳಿವು. ಆದುದರಿಂದ ‘ಟೆಕ್ಸ್’ ಎಂದು ಉಚ್ಚರಿಸುವುದು ಸರಿಯಲ್ಲ. 1980ರ ದಶಕದಲ್ಲಿ ಲೆಸ್ಲೀ ಲ್ಯಾಂಪೋರ್ಟ್ ಎಂಬ ವಿಜ್ಞಾನಿ ಇದರ ಮೇಲೆ ‘ಲೇಟೆಕ್’ ಎಂಬ ಆಜ್ಞೆಗಳ ಸಂಗ್ರಹವನ್ನು ಕಟ್ಟಿದರು. ಅಧ್ಯಾಯ, ಶೀರ್ಷಿಕೆ, ಕೋಷ್ಟಕ ಮುಂತಾದವುಗಳನ್ನು ಸುಲಭವಾಗಿ ನಿರ್ದೇಶಿಸುವುದಕ್ಕೆ ಇಂದು ಹೆಚ್ಚಿನವರು ಬಳಸುವುದು ಇದನ್ನೇ. ಎರಡೂ ಉಚಿತವಾಗಿ ದೊರೆಯುತ್ತವೆ.

ಮೂಲಕಡತ ಮತ್ತು ಆಜ್ಞೆ

ಸಾಮಾನ್ಯ ಬರವಣಿಗೆಯ ಸಾಧನಗಳಲ್ಲಿ ನಾವು ಟೈಪುಮಾಡುತ್ತಿದ್ದಂತೆಯೇ ಪುಟವು ತೆರೆಯ ಮೇಲೆ ರೂಪುಗೊಳ್ಳುತ್ತದೆ. ಟೆಕ್‌ನ ಮಾರ್ಗವು ಬೇರೆ. ಇಲ್ಲಿ ಲೇಖಕನು ಮೊದಲು ಯಾವ ಅಲಂಕಾರವೂ ಇಲ್ಲದ ಸಾದಾ ಕಡತವೊಂದನ್ನು ಬರೆಯುತ್ತಾನೆ. ಇದಕ್ಕೆ ಮೂಲಕಡತವೆಂದು ಹೆಸರು. ಹಿಂದಕ್ಕೆ ಬಾಗಿದ ಓರೆಗೆರೆಯಿಂದ ಆರಂಭವಾಗುವ ಪದವು ಟೆಕ್‌ಗೆ ಆಜ್ಞೆ. ಎರಡು ಡಾಲರ್ ಚಿಹ್ನೆಗಳ ನಡುವೆ ಇರುವುದು ಗಣಿತ. ಓರೆಗೆರೆಯ ಬಳಿಕ ಎಫ್, ಆರ್, ಎ, ಸಿ ಎಂದು ಬರೆದು, ಅಂಶವನ್ನೂ ಛೇದವನ್ನೂ ಪ್ರತ್ಯೇಕ ಪುಷ್ಪಾವರಣಗಳಲ್ಲಿ ಕೊಟ್ಟರೆ, ಗೆರೆಯ ಉದ್ದ, ಅಕ್ಷರದ ಗಾತ್ರ, ನಡುವಣ ಅಂತರ ಎಲ್ಲವನ್ನೂ ಟೆಕ್ ತಾನೇ ಲೆಕ್ಕಹಾಕುತ್ತದೆ.

ಕಡತವನ್ನು ‘ಪಾಠ’ ಎಂಬ ಹೆಸರಿನಿಂದ ಉಳಿಸಿದೆವೆನ್ನೋಣ. ಅನಂತರ ಗಣಕದ ಆಜ್ಞಾಸಾಲನ್ನು ತೆರೆದು, ರೋಮನ್ ಲಿಪಿಯ ಚಿಕ್ಕ ಅಕ್ಷರಗಳಲ್ಲಿ ‘ಪಿಡಿಎಫ್‌ಲೇಟೆಕ್’ ಎಂಬ ಹೆಸರನ್ನೂ, ಒಂದು ತೆರವು ಬಿಟ್ಟು ಕಡತದ ಹೆಸರನ್ನೂ ಬರೆದು ಎಂಟರ್ ಕೀಲಿಯನ್ನು ಒತ್ತಬೇಕು. ತೆರೆಯ ಮೇಲೆ ಸಾಲುಸಾಲಾಗಿ ಬರಹ ಹರಿಯುತ್ತದೆ. ಚೌಕಾವರಣದೊಳಗೆ 1, 2, 3 ಎಂದು ಕಾಣುವ ಅಂಕೆಗಳು ಸಿದ್ಧವಾದ ಪುಟಗಳ ಸಂಖ್ಯೆಗಳು. ಕೆಲವೇ ಕ್ಷಣಗಳಲ್ಲಿ ಕೆಲಸ ಮುಗಿದು, ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್ ಕಡತವೂ, ನಡೆದುದೆಲ್ಲವನ್ನೂ ದಾಖಲಿಸಿದ ‘ಲಾಗ್’ ಎಂಬ ದಿನಚರಿ ಕಡತವೂ, ‘ಆಕ್ಸ್’ ಎಂಬ ಸಹಾಯಕ ಕಡತವೂ ಹುಟ್ಟಿರುತ್ತವೆ.

ಎರಡು ಬಾರಿ ನಡೆಸುವುದೇಕೆ?

ಹೊಸಬರು ಮೊದಲ ಬಾರಿ ಫಲಿತಾಂಶವನ್ನು ನೋಡಿದಾಗ ‘ಸಮೀಕರಣ 5ನ್ನು ನೋಡಿ’ ಎಂದಿರಬೇಕಾದಲ್ಲಿ ‘ಸಮೀಕರಣ ??’ ಎಂದಿರುವುದನ್ನು ಕಂಡು ಗಾಬರಿಗೊಳ್ಳುತ್ತಾರೆ. ಇದು ದೋಷವಲ್ಲ. ಟೆಕ್ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಮಾತ್ರ ಓದುತ್ತ, ಪುಟಗಳನ್ನು ಒಂದೊಂದಾಗಿ ಹೊರಗೆ ಕಳುಹಿಸುತ್ತದೆ. ಎರಡನೆಯ ಪುಟದಲ್ಲಿ ಹತ್ತನೆಯ ಪುಟದ ಸಮೀಕರಣದ ಉಲ್ಲೇಖವಿದ್ದರೆ, ಆ ಸಮೀಕರಣದ ಸಂಖ್ಯೆಯು ಆಗ ಅದಕ್ಕೆ ತಿಳಿದಿರುವುದಿಲ್ಲ. ಆದುದರಿಂದ ಪ್ರಶ್ನಾರ್ಥಕ ಚಿಹ್ನೆಗಳನ್ನಿಟ್ಟು ಮುಂದುವರಿಯುತ್ತದೆ; ಹತ್ತನೆಯ ಪುಟಕ್ಕೆ ಬಂದಾಗ ದೊರೆತ ಸಂಖ್ಯೆಯನ್ನು ಸಹಾಯಕ ಕಡತದಲ್ಲಿ ಬರೆದಿಡುತ್ತದೆ. ಎರಡನೆಯ ಬಾರಿ ಅದೇ ಆಜ್ಞೆಯನ್ನು ಕೊಟ್ಟಾಗ ಈ ಟಿಪ್ಪಣಿಯನ್ನು ಮೊದಲೇ ಓದಿಕೊಂಡು ಸಂಖ್ಯೆಗಳನ್ನು ತುಂಬುತ್ತದೆ. ವಿಷಯಸೂಚಿಯಿದ್ದರೆ ಮೂರನೆಯ ಬಾರಿಯೂ ಬೇಕಾಗಬಹುದು; ಏಕೆಂದರೆ ಎರಡನೆಯ ಬಾರಿ ಹೊಸದಾಗಿ ಸೇರಿದ ವಿಷಯಸೂಚಿಯೇ ಉಳಿದ ಪುಟಗಳನ್ನು ಮುಂದಕ್ಕೆ ತಳ್ಳಿರುತ್ತದೆ. ಮತ್ತೊಮ್ಮೆ ನಡೆಸುವುದು ಅಗತ್ಯವೆಂದು ಕಂಡಾಗ ಲೇಟೆಕ್ ತಾನೇ ಎಚ್ಚರಿಸುತ್ತದೆ.

ಸಾಲು ಮುರಿಯುವ ಲೆಕ್ಕ

ಎರಡೂ ಅಂಚುಗಳು ಸಮನಾಗಬೇಕಾದರೆ ಪದಗಳ ನಡುವಣ ತೆರವನ್ನು ಹಿಗ್ಗಿಸಬೇಕು ಇಲ್ಲವೆ ಕುಗ್ಗಿಸಬೇಕು. ಟೆಕ್ ಪ್ರತಿಯೊಂದು ಅಕ್ಷರವನ್ನೂ ಒಂದು ಪೆಟ್ಟಿಗೆಯೆಂದೂ, ತೆರವನ್ನು ಹಿಗ್ಗಿ ಕುಗ್ಗಬಲ್ಲ ಅಂಟೆಂದೂ ಭಾವಿಸುತ್ತದೆ. ಅನುಮತಿಸಿದ ಹಿಗ್ಗುವಿಕೆಯಲ್ಲಿ ಎಷ್ಟು ಪಾಲನ್ನು ಬಳಸಲಾಯಿತೆಂಬುದರ ಘನವನ್ನು ನೂರರಿಂದ ಗುಣಿಸಿದರೆ ಆ ಸಾಲಿನ ‘ಕೆಡುಕು’ ಸುಮಾರಾಗಿ ದೊರೆಯುತ್ತದೆ. ಅರ್ಧ ಪಾಲಾದರೆ ಕೆಡುಕು ಸುಮಾರು 12; ಪೂರ್ಣವಾದರೆ 100; ಎರಡರಷ್ಟಾದರೆ 800. ಒಂದು ಸಾಲನ್ನು ಮಾತ್ರ ನೋಡಿ ತೃಪ್ತಿಪಡದೆ, ಇಡೀ ಪರಿಚ್ಛೇದದ ಒಟ್ಟು ದೋಷವು ಕನಿಷ್ಠವಾಗುವ ವಿಭಜನೆಯನ್ನು ಅದು ಆರಿಸುತ್ತದೆ. ಕ್ನೂತ್ ಮತ್ತು ಮೈಕೇಲ್ ಪ್ಲಾಸ್ ಈ ವಿಧಾನವನ್ನು 1981ರಲ್ಲಿ ಪ್ರಕಟಿಸಿದರು. ಎಷ್ಟು ಯತ್ನಿಸಿದರೂ ಸಾಲು ಅಂಚನ್ನು ಮೀರಿದರೆ, ಎಷ್ಟು ಪಾಯಿಂಟುಗಳಷ್ಟು ಮೀರಿತೆಂಬುದನ್ನು ತೆರೆಯ ಮೇಲೆ ವರದಿಮಾಡುತ್ತದೆ. 72.27 ಪಾಯಿಂಟುಗಳು ಒಂದು ಅಂಗುಲ. ಒಳಗಿನ ಲೆಕ್ಕದಲ್ಲಿ ಒಂದು ಪಾಯಿಂಟನ್ನು 65,536 ಭಾಗಗಳಾಗಿ ಒಡೆದು, ಅಳತೆಗಳನ್ನು ಪೂರ್ಣಾಂಕಗಳಲ್ಲಿಯೇ ಇಟ್ಟುಕೊಳ್ಳಲಾಗುತ್ತದೆ. ಬೇರೆ ಬೇರೆ ಯಂತ್ರಗಳಲ್ಲಿಯೂ ಸಾಲುಗಳು ಒಂದೇ ಜಾಗದಲ್ಲಿ ಮುರಿಯಬೇಕೆಂಬುದು ಇದರ ಉದ್ದೇಶ.

ಪ್ರಶ್ನಾರ್ಥಕ ಚಿಹ್ನೆಯ ಮುಂದೆ

ಪ್ರಬಂಧವನ್ನು ಸಲ್ಲಿಸಬೇಕಾದ ಹಿಂದಿನ ರಾತ್ರಿ. ವಿದ್ಯಾರ್ಥಿಯೊಬ್ಬನು ಕೊನೆಯ ತಿದ್ದುಪಡಿಯನ್ನು ಮಾಡಿ ಆಜ್ಞೆಯನ್ನು ಕೊಡುತ್ತಾನೆ. ತೆರೆಯ ಮೇಲಿನ ಹರಿವು ಥಟ್ಟನೆ ನಿಲ್ಲುತ್ತದೆ. ಆಶ್ಚರ್ಯಸೂಚಕ ಚಿಹ್ನೆಯ ಮುಂದೆ ಒಂದು ವಾಕ್ಯ, ಕೆಳಗೆ ಒಂಟಿ ಪ್ರಶ್ನಾರ್ಥಕ ಚಿಹ್ನೆ. ಇಷ್ಟು ತಿಂಗಳ ಶ್ರಮವೆಲ್ಲ ಹಾಳಾಯಿತೆಂದು ಆತನ ಎದೆ ಕುಸಿಯುತ್ತದೆ. ವಾಸ್ತವದಲ್ಲಿ ಏನೂ ಹಾಳಾಗಿಲ್ಲ. ಟೆಕ್ ಮೂಲಕಡತವನ್ನು ಓದುತ್ತದೆಯೇ ಹೊರತು ತಿದ್ದುವುದಿಲ್ಲ. ಅದು ತನಗೆ ಅರ್ಥವಾಗದ ಸ್ಥಳದಲ್ಲಿ ನಿಂತು, ಮುಂದೇನು ಮಾಡಲೆಂದು ಕೇಳುತ್ತಿದೆ, ಅಷ್ಟೆ.

ಈ ವರದಿಯನ್ನು ಓದುವ ಕ್ರಮವೊಂದಿದೆ. ಎಫ್, ಆರ್, ಎ, ಸಿ ಎಂಬುದರ ಬದಲು ಎಫ್, ಆರ್, ಸಿ, ಎ ಎಂದು ಬರೆದಿದ್ದರೆ, ‘ಅನ್‌ಡಿಫೈನ್ಡ್ ಕಂಟ್ರೋಲ್ ಸೀಕ್ವೆನ್ಸ್’, ಅಂದರೆ ‘ಈ ಆಜ್ಞೆಯು ನನಗೆ ತಿಳಿಯದು’ ಎಂಬ ಮಾತು ಕಾಣುತ್ತದೆ. ಅದರ ಕೆಳಗೆ ‘ಎಲ್’ ಅಕ್ಷರ, ಒಂದು ಚುಕ್ಕೆ, ಸಾಲಿನ ಸಂಖ್ಯೆ. ಅಲ್ಲಿ ಮೂಲದ ಸಾಲನ್ನು ಎರಡಾಗಿ ಮುರಿದು ತೋರಿಸಿರುತ್ತದೆ: ಮೇಲಿನ ಭಾಗವನ್ನು ಟೆಕ್ ಓದಿಯಾಗಿದೆ, ಕೆಳಗಿನ ಭಾಗವನ್ನು ಇನ್ನೂ ಓದಿಲ್ಲ. ತಪ್ಪು ಈ ಮುರಿತದ ಜಾಗದಲ್ಲಿ ಅಥವಾ ಅದಕ್ಕಿಂತ ಮೊದಲು ಇರುತ್ತದೆ. ಉದಾಹರಣೆಗೆ, ಗಣಿತವನ್ನು ಮುಚ್ಚುವ ಡಾಲರ್ ಚಿಹ್ನೆಯನ್ನು ಮರೆತರೆ, ಎಷ್ಟೋ ವೇಳೆ ಟೆಕ್‌ಗೆ ಅದು ತಿಳಿಯುವುದು ಪರಿಚ್ಛೇದವು ಮುಗಿದಾಗಲೇ.

ಪ್ರಶ್ನೆಗೆ ಉತ್ತರ ಒಂದೇ ಅಕ್ಷರ. ‘ಎಚ್’ ಒತ್ತಿದರೆ ವಿವರಣೆ ದೊರೆಯುತ್ತದೆ. ಬರಿಯ ಎಂಟರ್ ಒತ್ತಿದರೆ ಟೆಕ್ ತನಗೆ ತೋಚಿದಂತೆ ಸರಿಪಡಿಸಿಕೊಂಡು ಮುಂದುವರಿಯುತ್ತದೆ. ‘ಎಕ್ಸ್’ ಒತ್ತಿದರೆ ಹೊರಬರಬಹುದು. ಒಂದು ತಪ್ಪಿನಿಂದ ಹತ್ತಾರು ವರದಿಗಳು ಹುಟ್ಟುವುದುಂಟು. ಆದುದರಿಂದ ಯಾವಾಗಲೂ ಮೊದಲನೆಯದನ್ನೇ ತಿದ್ದಿ ಮತ್ತೆ ನಡೆಸಬೇಕು. ಒಂದೇ ಪರಿಚ್ಛೇದದಲ್ಲಿ ನೂರು ತಪ್ಪುಗಳಾದರೆ ಟೆಕ್ ತಾನೇ ಕೈಚೆಲ್ಲಿ, ಮತ್ತೆ ಪ್ರಯತ್ನಿಸಿರೆಂದು ವಿನಯದಿಂದ ಹೇಳಿ ನಿಲ್ಲುತ್ತದೆ!

ಇನ್ನೊಂದು ತೊಡಕನ್ನು ಹೇಳಲೇಬೇಕು. ಕೆಲಸವು ನಡುವೆ ನಿಂತಾಗ ಸಹಾಯಕ ಕಡತವು ಅರ್ಧಕ್ಕೇ ಬರೆಯಲ್ಪಟ್ಟಿರಬಹುದು. ಆಗ ಮೂಲವನ್ನು ತಿದ್ದಿದ ಮೇಲೂ ವಿಚಿತ್ರವಾದ ದೋಷವು ಕಾಣುತ್ತಲೇ ಇರುತ್ತದೆ. ಸಹಾಯಕ ಕಡತವನ್ನು ಅಳಿಸಿ, ಆಜ್ಞೆಯನ್ನು ಮತ್ತೆರಡು ಬಾರಿ ನಡೆಸಿದರೆ ಎಲ್ಲವೂ ಸರಿಹೋಗುತ್ತದೆ. ಅಳಿಸಬೇಕಾದುದು ‘ಆಕ್ಸ್’ ಕಡತವನ್ನು, ಮೂಲಕಡತವನ್ನಲ್ಲ; ಗಾಬರಿಯಲ್ಲಿ ಇವೆರಡನ್ನು ಅದಲುಬದಲು ಮಾಡಿಕೊಳ್ಳಬಾರದು. ಮೂಲಕಡತದ ಪ್ರತಿಯೊಂದನ್ನು ಬೇರೆಡೆ ಇಟ್ಟಿರುವುದು ಜಾಣತನ.

ಆಜ್ಞಾಸಾಲಿನ ಪ್ರಯೋಜನ ಮತ್ತು ನಮ್ಮ ಲಿಪಿ

ಗುಂಡಿಗಳನ್ನೊತ್ತುವ ಕಿಟಕಿಗಳಿರುವಾಗ ಈ ಶ್ರಮವೇಕೆಂದು ಓದುಗರು ಕೇಳಬಹುದು. ಆಜ್ಞೆಯು ಬರಹವಾದುದರಿಂದ ಅದನ್ನು ಕಡತದಲ್ಲಿ ಉಳಿಸಿ ಬೇಕಾದಷ್ಟು ಬಾರಿ ನಡೆಸಬಹುದು. ‘ನಾನ್‌ಸ್ಟಾಪ್‌ಮೋಡ್’ ಎಂಬ ಸೂಚನೆಯನ್ನು ಸೇರಿಸಿದರೆ ಟೆಕ್ ಪ್ರಶ್ನೆ ಕೇಳುವುದಕ್ಕೆ ನಿಲ್ಲದೆ ಮುಂದೆ ಸಾಗುತ್ತದೆ. ‘ಲೇಟೆಕ್‌ಎಂಕೆ’ ಎಂಬ ಸಹಾಯಕ ಕ್ರಮವಿಧಿಯು ಎಷ್ಟು ಬಾರಿ ನಡೆಸಬೇಕೆಂಬುದನ್ನು ತಾನೇ ನಿರ್ಧರಿಸುತ್ತದೆ. 1991ರಲ್ಲಿ ಆರಂಭವಾದ ‘ಆರ್ಕೈವ್’ ಎಂಬ ವೈಜ್ಞಾನಿಕ ಭಂಡಾರವು ಭೌತವಿಜ್ಞಾನಿಗಳೂ ಗಣಿತಜ್ಞರೂ ಕಳುಹಿಸುವ ಮೂಲಕಡತಗಳಿಂದ ಪುಟಗಳನ್ನು ಯಾಂತ್ರಿಕವಾಗಿಯೇ ಸಿದ್ಧಪಡಿಸುವುದು ಇಂತಹ ವ್ಯವಸ್ಥೆಯಿಂದಲೇ.

ಕನ್ನಡದ ಮಾತೇನು? ಮೊದಲಿನ ಟೆಕ್ 128 ಸಂಕೇತಗಳನ್ನು ಮಾತ್ರ ಬಲ್ಲುದಾಗಿತ್ತು. 1989ರ ಪರಿಷ್ಕರಣದಲ್ಲಿ ಅದು 256ಕ್ಕೆ ಏರಿತು. ಒತ್ತಕ್ಷರಗಳೂ ಗುಣಿತಾಕ್ಷರಗಳೂ ತುಂಬಿರುವ ನಮ್ಮ ಲಿಪಿಗೆ ಇದು ಸಾಲದು. 2004ರಲ್ಲಿ ಜೊನಾಥನ್ ಕ್ಯೂ ಅವರು ಹೊರತಂದ ‘ಝೀಟೆಕ್’ ಯೂನಿಕೋಡ್ ಬರಹವನ್ನು ನೇರವಾಗಿ ಓದಿ, ಒತ್ತಕ್ಷರಗಳ ಜೋಡಣೆಗೆ ಅಕ್ಷರವಿನ್ಯಾಸದಲ್ಲಿ ಅಡಗಿರುವ ನಿಯಮಗಳನ್ನೇ ಬಳಸುತ್ತದೆ. ಆಜ್ಞೆಯಲ್ಲಿ ‘ಪಿಡಿಎಫ್‌ಲೇಟೆಕ್’ ಬದಲು ‘ಝೀಲೇಟೆಕ್’ ಎಂದು ಬರೆದು, ಯಾವ ಕನ್ನಡ ಅಕ್ಷರವಿನ್ಯಾಸ ಬೇಕೆಂಬುದನ್ನು ಮೂಲಕಡತದ ಆರಂಭದಲ್ಲಿ ಸೂಚಿಸಿದರೆ, ಕನ್ನಡ ಗದ್ಯವೂ ಗಣಿತದ ಸಮೀಕರಣವೂ ಒಂದೇ ಪುಟದಲ್ಲಿ ಅಂದವಾಗಿ ಕುಳಿತುಕೊಳ್ಳುತ್ತವೆ. ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಯಸುವವರಿಗೆ ಇದು ಅಲ್ಪ ಲಾಭವಲ್ಲ.

ಕ್ನೂತ್ ಅವರು ಟೆಕ್‌ಗೆ ಹೊಸ ಸೌಕರ್ಯಗಳನ್ನು ಸೇರಿಸುವುದನ್ನು ನಿಲ್ಲಿಸಿ ಬಹುಕಾಲವಾಯಿತು. ದೋಷಗಳನ್ನು ಮಾತ್ರ ತಿದ್ದುತ್ತಾರೆ. ಪ್ರತಿ ತಿದ್ದುಪಡಿಗೂ ಆವೃತ್ತಿಯ ಸಂಖ್ಯೆಯು ‘ಪೈ’ಗೆ ಒಂದು ಸ್ಥಾನ ಹತ್ತಿರವಾಗುತ್ತದೆ, 2021ರಲ್ಲಿ ಅದು 3.141592653 ಆಯಿತು. ದೋಷವನ್ನು ಮೊದಲು ಕಂಡುಹಿಡಿದವರಿಗೆ ಅವರು ಬಹುಮಾನವನ್ನು ಕೊಡುತ್ತ ಬಂದಿದ್ದಾರೆ. ತನ್ನ ತಪ್ಪನ್ನು ತೋರಿಸಿದವರಿಗೆ ಕೃತಜ್ಞನಾಗಿರುವ ಈ ಗುಣವನ್ನು ನಮ್ಮ ವಿದ್ಯಾರ್ಥಿಗಳೂ ರೂಢಿಸಿಕೊಳ್ಳಬಹುದು. ಮುಂದಿನ ಬಿಡುವಿನ ದಿನ ವರ್ಗಸಮೀಕರಣದ ಸೂತ್ರವನ್ನು ಮೂಲಕಡತದಲ್ಲಿ ಬರೆದು ಆಜ್ಞೆಯನ್ನು ಕೊಟ್ಟು ನೋಡಿರಿ. ಪ್ರಶ್ನಾರ್ಥಕ ಚಿಹ್ನೆ ಎದುರಾದರೆ ಹೆದರದೆ, ಸಾಲಿನ ಸಂಖ್ಯೆಯನ್ನು ಓದಿ ತಿದ್ದಿರಿ.